ಗಾಳ, ಬಲೆಗೆ ಮನೆಯಲ್ಲೊಂದು ಜಾಗ

ಕರಾವಳಿಯಲ್ಲಿ ಮೀನು ಹಿಡಿಯುವ ಸಾಮಾನು ನೀರಿನಲ್ಲಿ ಹಾಳಾಗುವುದಕ್ಕಿಂತ ಜಾಸ್ತಿ ಮನೆಯಲ್ಲಿ ಹಾಳಾಗುತ್ತದೆ. ಬಂಡೆಗೆ ಸಿಕ್ಕಿ ದಾರ ತುಂಡಾಗಬಹುದು, ದೊಡ್ಡ ಮೀನು ಎಳೆದ ಎಳೆತಕ್ಕೆ ಗಾಳ ನೆಟ್ಟಗಾಗಬಹುದು. ಅದೆಲ್ಲ ಅಪರೂಪಕ್ಕೆ. ಆದರೆ ಬಾಗಿಲ ಹಿಂದಿನ ಮೂಲೆಯಲ್ಲಿ ಜೂನ್ ಜುಲೈ ಕಳೆದ, ದಾರ ಸುತ್ತುವ ರೀಲನ್ನು ಆಗಸ್ಟಿನಲ್ಲಿ ಕೈಗೆತ್ತಿಕೊಂಡರೆ ಹಿಡಿಕೆ ತಿರುಗುವುದಿಲ್ಲ. ಡಬ್ಬ ತೆಗೆದರೆ ಗಾಳಗಳೆಲ್ಲ ಕೆಂಪಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಲೆಯನ್ನು ಇಲಿ ಕಡಿದಿರುತ್ತದೆ. ಇವ್ಯಾವುದಕ್ಕೂ ಸಮುದ್ರ ಕಾರಣ ಅಲ್ಲ, ಅಲ್ವಾ? ನಾವು ಇಟ್ಟ ಜಾಗ ಕಾರಣ.

ನಮ್ಮದು ಕುಂದಾಪುರದ ಕಡೆ. ಐದು ನದಿಗಳು ಒಂದಾಗಿ ಪಂಚಗಂಗಾವಳಿ ಅನ್ನಿಸಿಕೊಂಡು ಗಂಗೊಳ್ಳಿ ಹತ್ತಿರ ಸಮುದ್ರ ಸೇರುವ ಜಾಗ. ಈಚೆ ಕೋಡಿ, ಆಚೆ ಗಂಗೊಳ್ಳಿ, ನಡುವೆ ಅಳಿವೆ. ಬೆಳಿಗ್ಗೆ ಉಪ್ಪುನೀರಿನಲ್ಲಿ ಗಾಳ ಹಾಕಿ, ಸಂಜೆ ಸೈಕಲ್ ತುಳಿದುಕೊಂಡು ಸಿಹಿನೀರಿನ ಹೊಳೆಗೆ ಹೋಗಬಹುದು. ಮೀನು ಹಿಡಿಯುವ ಹುಚ್ಚು ಇರುವವರಿಗೆ ಇದಕ್ಕಿಂತ ಒಳ್ಳೇ ಊರು ಸಿಗುವುದು ಕಷ್ಟ. ಸಾಮಾನು ಇಡಲು ಮಾತ್ರ ಇದಕ್ಕಿಂತ ಕಷ್ಟದ ಊರೂ ಸಿಗಲಿಕ್ಕಿಲ್ಲ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮೇಲಿಂದ ಮಳೆ, ಪಕ್ಕದಿಂದ ಉಪ್ಪುಗಾಳಿ.

ಇಂಟರ್ನೆಟ್ಟಿನಲ್ಲಿ ಈ ವಿಷಯದ ವಿಡಿಯೋಗಳು ಬೇಕಾದಷ್ಟಿವೆ. ಚೆಂದವೂ ಇವೆ. ದೊಡ್ಡ ಗ್ಯಾರೇಜು, ಗೋಡೆಗೆ ಹಲಗೆ, ಹಲಗೆ ತುಂಬ ಸಾಲಾಗಿ ರಾಡುಗಳು ಅಂದರೆ ಗಾಳದ ಕೋಲುಗಳು, ಕೆಳಗೆ ಹೆಸರು ಬರೆದು ಗಟ್ಟಿ ಮುಚ್ಚಳ ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆಗಳು. ನೋಡಿ ಆಸೆಪಟ್ಟು ನಮ್ಮೂರಿನ ಎಷ್ಟೋ ಹುಡುಗರು ಅದೇ ತರಹದ ಪೆಟ್ಟಿಗೆ ತರಿಸಿದ್ದಾರೆ. ಆ ವಿಡಿಯೋ ಮಾಡುವವರ ಊರಿನ ಒಣ ಹವೆಗೆ ಆ ಪದ್ಧತಿ ಸರಿ. ಇಲ್ಲಿ ಗಟ್ಟಿ ಮುಚ್ಚಳದೊಳಗೆ ಒಂದು ಹನಿ ತೇವ ಉಳಿದರೂ ಸಾಕು, ಅದು ಹೊರಗೆ ಹೋಗದೆ ಮಳೆಗಾಲ ಪೂರ್ತಿ ಅಲ್ಲೇ ಕೂತು ಕಬ್ಬಿಣ ತಿನ್ನುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಸಾಮಾನು ಯಾವ ಜಾತಿಯದು ಅಂತ ನೋಡಿ ಜೋಡಿಸುವುದಿಲ್ಲ. ಯಾವುದಕ್ಕೆ ಎಷ್ಟು ಗಾಳಿ ಬೇಕು, ಎಷ್ಟು ಬಿಸಿ ತಡೆಯುತ್ತದೆ, ಎಷ್ಟು ತೇವ ಆಗುವುದಿಲ್ಲ ಅಂತ ನೋಡಿ ಜಾಗ ಕೊಡುತ್ತೇವೆ. ಹಳೇ ಮನೆಯ ಒಂದೊಂದು ಜಾಗಕ್ಕೂ ಒಂದೊಂದು ಹವೆ ಇರುತ್ತದೆ. ಬಾವಿಕಟ್ಟೆ, ಜಗಲಿ, ಚಾವಡಿ, ಅಟ್ಟ, ಬಚ್ಚಲು, ಎಲ್ಲಕ್ಕೂ ಅದರದರ ಕೆಲಸ ಇದೆ.

ಮೊದಲು ಉಪ್ಪಿನ ಮಾತು ಮುಗಿಸುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಉಳಿದ ಉಪ್ಪು ಸುಮ್ನೆ ಕೂರುವುದಿಲ್ಲ. ಗಾಳಿಯ ತೇವ ಶೇ 75 ದಾಟಿತೆಂದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದು ಶೇ 33ರ ಆಸುಪಾಸಿನ ತೇವಕ್ಕೇ ನೀರು ಹೀರಲು ಶುರುಮಾಡುತ್ತದೆ. ಅಡುಗೆಮನೆಯ ಉಪ್ಪಿನ ಮರಿಗೆ ಆಷಾಢದಲ್ಲಿ ನೀರು ಬಿಡುವುದು ಇದಕ್ಕೇ. ಸರಿಯಾಗಿ ತೊಳೆಯದ ರೀಲಿನ ಒಳಗೂ ಮಳೆಗಾಲ ಪೂರ್ತಿ ಅದೇ ನಡೆಯುತ್ತಿರುತ್ತದೆ. ನಾವು ಒಣಗಿದೆ ಅಂದುಕೊಂಡು ಒಳಗಿಟ್ಟಿರುತ್ತೇವೆ, ಅದು ಒಳಗೊಳಗೇ ಒದ್ದೆಯಾಗುತ್ತಲೇ ಇರುತ್ತದೆ. ಎಷ್ಟು ಒರೆಸಿದರೂ ಪ್ರಯೋಜನ ಇಲ್ಲ, ಮೊದಲು ಉಪ್ಪು ಹೋಗಬೇಕು.

ಆದ್ದರಿಂದ ಮೊದಲ ನಿಲ್ದಾಣ ಬಾವಿಕಟ್ಟೆ. ಅಪ್ಪಯ್ಯನ ಕಾಲದಿಂದ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಅಳಿವೆಯಿಂದ ಎಷ್ಟೇ ಹೊತ್ತಿಗೆ ಬರಲಿ, ಎಷ್ಟೇ ಸುಸ್ತಾಗಿರಲಿ, "ಮೊದ್ಲ್ ಬಲೆ ಮೀಯ್ಲಿ, ಮತ್ತೆ ನೀ ಮೀ" ಅನ್ನುತ್ತಾರೆ. ಮೀನು ಅಮ್ಮನ ಕೈಗೆ, ಬಲೆ ಬಾವಿಕಟ್ಟೆಗೆ. ಬೀಸುಬಲೆಯನ್ನು ಬಕೆಟಿನ ಸಿಹಿನೀರಿನಲ್ಲಿ ಮುಳುಗಿಸಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ನೀರು ಚೆಲ್ಲಿ ಇನ್ನೊಮ್ಮೆ ಮುಳುಗಿಸಬೇಕು. ಮೇಲಿಂದ ನೀರು ಹೊಯ್ದರೆ ಮರಳು ಹೋಗುತ್ತದೆ, ಗಂಟಿನೊಳಗಿನ ಉಪ್ಪು ಹೋಗುವುದಿಲ್ಲ. ಕಣ್ಣುಗಳಲ್ಲಿ ಸಿಕ್ಕಿದ ಏಡಿ ಕಾಲು, ಪಾಚಿ, ಮೀನಿನ ಹುರುಪೆ ಎಲ್ಲ ಆಗಲೇ ಬಿಡಿಸಬೇಕು. ಒಣಗಿದ ಮೇಲೆ ಏಡಿ ಕಾಲನ್ನು ಎಳೆದರೆ ಬಲೆಯ ಕಣ್ಣೂ ಹರಿಯುತ್ತದೆ. ಹುರುಪೆ ಬಿಟ್ಟರೆ ಅದರ ವಾಸನೆಗೆ ಇಲಿ ಬರುತ್ತದೆ.

ರೀಲಿನ ವಿಷಯ ಬೇರೆ. ಅದನ್ನು ಮುಳುಗಿಸಬಾರದು, ಪೈಪಿನಲ್ಲಿ ಜೋರಾಗಿ ನೀರು ಬಿಡಲೂಬಾರದು. ಜೋರು ನೀರು ಹೊರಗಿನ ಉಪ್ಪನ್ನು ಒಳಗೆ ನುಗ್ಗಿಸುತ್ತದೆ. ತೊಳೆಯುವ ಮೊದಲು ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಡಬೇಕು ಅಂತ ಹಿಡಿತದಲ್ಲಿಡುವ ಭಾಗ) ಬಿಗಿ ಮಾಡಿ, ಚೊಂಬಿನಲ್ಲಿ ಮೆಲ್ಲಗೆ ನೀರು ಹೊಯ್ದು, ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿಯೇ ಎತ್ತಿಡಬೇಕು. ಬಿಗಿಯಾಗಿಯೇ ಬಿಟ್ಟರೆ ಒಳಗಿನ ಬಿಲ್ಲೆಗಳು ತಿಂಗಳುಗಟ್ಟಲೆ ಒತ್ತಿಕೊಂಡು ಚಪ್ಪಟೆಯಾಗುತ್ತವೆ. ಆಮೇಲೆ ಮೀನು ಎಳೆದಾಗ ದಾರ ನಯವಾಗಿ ಬಿಡುವುದಿಲ್ಲ, ಜಗ್ಗಿ ಜಗ್ಗಿ ಬಿಡುತ್ತದೆ, ಅದೇ ಹೊತ್ತಿಗೆ ದಾರ ಕಡಿಯುತ್ತದೆ.

ರೀಲಿನಲ್ಲಿ ಎಲ್ಲಕ್ಕಿಂತ ಮೊದಲು ಕೆಡುವ ಭಾಗ ಯಾವುದು ಗೊತ್ತಾ? ದಾರ ಹಾದು ಬರುವ ಪುಟ್ಟ ಉರುಳೆ. ಕಡಲೆಕಾಳಿನ ಗಾತ್ರದ ಆ ಚಕ್ರಕ್ಕೆ ಒದ್ದೆ ದಾರ ಪ್ರತೀ ಸುತ್ತಿಗೂ ಉಪ್ಪುನೀರು ಕುಡಿಸುತ್ತಿರುತ್ತದೆ. ಒಂದು ಸಣ್ಣ ತಿರುಪು ಬಿಚ್ಚಿದರೆ ಅದು ಕೈಗೆ ಬರುತ್ತದೆ. ಒಳಗೆ ಬಿಳಿ ಪುಡಿ, ಅದರ ಕೆಳಗೆ ಕಪ್ಪು ಜಿಡ್ಡು, ಇನ್ನೂ ಒಳಗೆ ಕೆಂಪು ತುಕ್ಕಿನ ಸಣ್ಣ ಗೆರೆ. ಒಂದು ಬದಿಯಲ್ಲಿ ದಾರ ಉಜ್ಜಿ ಉಜ್ಜಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿರುತ್ತದೆ. ಉರುಳೆ ತಿರುಗದೆ ನಿಂತಿದ್ದರ ಗುರುತು ಅದು. ಆ ಗೀರು ದಾರವನ್ನು ತರಿಯುತ್ತದೆ. ಜನ ದಾರ ಚೆನ್ನಾಗಿಲ್ಲ ಅಂತ ಅಂಗಡಿಯವರನ್ನು ಬೈಯುತ್ತಾರೆ. ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಬೆರಳಲ್ಲಿ ತಿರುಗಿಸಿ ಸದ್ದಿಲ್ಲದೆ ತಿರುಗಿತು ಅಂದರೆ ಆಯಿತು. ಎಣ್ಣೆ ಅಂದ ಕೂಡಲೇ ನಮ್ಮ ಕಡೆ ಕೈ ಹೋಗುವುದು ತೆಂಗಿನೆಣ್ಣೆಗೆ. ದಯವಿಟ್ಟು ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ಹೊಲಿಗೆ ಮಷಿನ್ನಿಗೆ ಹಾಕುವ ತೆಳು ಎಣ್ಣೆ ಪ್ರತೀ ಊರಿನಲ್ಲೂ ಸಿಗುತ್ತದೆ, ಉರುಳೆಗೂ ಬೇರಿಂಗಿಗೂ ಅದು ಸಾಕು. ಹಲ್ಲುಚಕ್ರಕ್ಕೆ ಮಾತ್ರ ಗ್ರೀಸು.

ಬಾವಿಕಟ್ಟೆಯಿಂದ ಜಗಲಿಗೆ. ಜಗಲಿಯ ಮಾಡಿನ ಕೆಳಗೆ ಕಂಬದಿಂದ ಕಂಬಕ್ಕೆ ಒಂದು ಹಗ್ಗ ಕಟ್ಟಿದ್ದೇವೆ. ಬಲೆ ಒಣಗುವುದು ಅಲ್ಲೇ, ನೆರಳಿನಲ್ಲಿ. ಅಂಗಳದಲ್ಲಿ ಅಷ್ಟು ಚೆಂದ ಬಿಸಿಲು ಬಿದ್ದಿರುವಾಗ ನೆರಳು ಯಾಕೆ ಅಂತ ಮನೆಗೆ ಬಂದವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಹಿಂದಿನ ಕಾಲದಲ್ಲಿ ಬಲೆ ಬಿಸಿಲಿಗೇ ಹಾಕುತ್ತಿದ್ದರು. ಆಗಿನ ಬಲೆ ನಾರಿನದು, ಹತ್ತಿ ನೂಲಿನದು. ಒದ್ದೆ ಉಳಿದರೆ ಕೊಳೆಯುತ್ತಿತ್ತು. ಕೊಳೆಯಬಾರದು ಅಂತ ಒಗರು ತೊಗಟೆ ಕುದಿಸಿದ ನೀರಿನಲ್ಲಿ ಬಲೆ ಅದ್ದಿ ತೆಗೆಯುತ್ತಿದ್ದರು, ತೊಗಟೆಯ ಒಗರು ನೂಲಿಗೆ ಹಿಡಿದು ಅದನ್ನು ಕಾಯುತ್ತಿತ್ತು. ಅಷ್ಟಾದರೂ ಬಿಸಿಲಿಲ್ಲದೆ ಆಗುತ್ತಿರಲಿಲ್ಲ. ರಂಪಣಿಯ ದಿನಗಳಲ್ಲಿ ಒಂದೊಂದು ಬಲೆ ಕಡಲದಂಡೆಯ ಉದ್ದಕ್ಕೂ ಹರಡಿಕೊಂಡಿರುತ್ತಿತ್ತು. ಊರಿಗೆ ಊರೇ ಸೇರಿ ಎಳೆಯುವ ಬಲೆ ಅದು, ಯಾರ ಮನೆಯೊಳಗೂ ಹಿಡಿಸುವಂಥದ್ದಲ್ಲ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು (ಮೀನಿನ ಹಿಂಡನ್ನು ಬಲೆಯಿಂದ ಸುತ್ತುಗಟ್ಟಿ ಹಿಡಿಯುವಂಥವು) ಬಂದ ಮೇಲೆ ರಂಪಣಿ ಕಡಿಮೆಯಾಗುತ್ತಾ ಹೋಯಿತು. ಹಿರಿಯರು ಈಗಲೂ ಆ ಮಾತು ಬಂದರೆ ಎದ್ದು ಕೂರುತ್ತಾರೆ.

ನೈಲಾನ್ ಬಂದ ಮೇಲೆ ಲೆಕ್ಕ ತಿರುಗಿತು. ನೈಲಾನ್ ಕೊಳೆಯುವುದಿಲ್ಲ. ಅದರ ಶತ್ರು ಬಿಸಿಲು. ಬಿಸಿಲಿನ ನೇರಳಾತೀತ ಕಿರಣ ನೈಲಾನಿನ ಎಳೆಯನ್ನು ಒಳಗಿಂದಲೇ ಸಡಿಲ ಮಾಡುತ್ತದೆ. ನೋಡಲು ಬಲೆ ಹಾಗೇ ಇರುತ್ತದೆ, ಬಣ್ಣ ಸ್ವಲ್ಪ ಮಾಸಿದಂತೆ ಕಾಣುತ್ತದೆ ಅಷ್ಟೇ. ಎಳೆದರೆ ಪಟಪಟ ಅಂತ ಕಣ್ಣು ಹರಿಯುತ್ತದೆ. ಬಂದರಿನಲ್ಲಿ ಬಲೆಯ ರಾಶಿಗೆ ಟರ್ಪಾಲು ಹೊದಿಸಿರುವುದು ಮಳೆಗಿಂತ ಜಾಸ್ತಿ ಬಿಸಿಲಿಗೆ. ಅಜ್ಜನ ಕಾಲದಲ್ಲಿ ಬಲೆಯನ್ನು ಬಿಸಿಲಿಗೆ ಹಾಕುವುದು ಬುದ್ಧಿವಂತಿಕೆ ಆಗಿತ್ತು. ಈಗ ಅದೇ ಬುದ್ಧಿವಂತಿಕೆ ಬಲೆಯನ್ನು ನೆರಳಿಗೆ ತರಬೇಕು. ಅಪ್ಪಯ್ಯ ಇದನ್ನು ಯಾವ ಪುಸ್ತಕವನ್ನೂ ಓದದೆ, ಎರಡು ಬಲೆಗಳನ್ನು ಕಣ್ಣಾರೆ ನೋಡಿಯೇ ಕಂಡುಕೊಂಡವರು. ಒಂದು ಅಂಗಳದ ಗೂಟದಲ್ಲಿದ್ದದ್ದು, ಇನ್ನೊಂದು ಮಾಡಿನಡಿ ಇದ್ದದ್ದು. ಒಟ್ಟಿಗೇ ತಂದ ಬಲೆಗಳು. ಮಾಡಿನಡಿ ಇದ್ದದ್ದು ಇನ್ನೂ ಕೆಲಸ ಮಾಡುತ್ತಿದೆ.

ತೂಗುಹಾಕುವುದರಲ್ಲೂ ಒಂದು ಕ್ರಮ ಇದೆ. ಬೀಸುಬಲೆಯ ಅಂಚಿನಲ್ಲಿ ಸೀಸದ ಮಣಿಗಳೋ ಕಬ್ಬಿಣದ ಸರಪಳಿಯೋ ಇರುತ್ತದೆ. ಎಲ್ಲಾ ಭಾರ ಕೆಳಗೇ. ಒಣಗುವಷ್ಟು ಹೊತ್ತು ತಲೆಯಿಂದ ನೇತಾಡಿದರೆ ತೊಂದರೆ ಇಲ್ಲ. ಒಣಗಿದ ಮೇಲೆ ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಆ ಭಾರ ಎಳೆಗಳನ್ನು ಜಗ್ಗುತ್ತಲೇ ಇರುತ್ತದೆ. ಹಾಗಾಗಿ ಕೆಳಗೆ ಒಂದು ಬುಟ್ಟಿ ಇಟ್ಟು ಮಣಿಗಳನ್ನು ಅದರಲ್ಲಿ ಕೂರಿಸುತ್ತೇವೆ, ಬಲೆ ಮೇಲಿಂದ ಸಡಿಲವಾಗಿ ನೇತಾಡುತ್ತದೆ. ಮೊಳೆಗೆ ಯಾವತ್ತೂ ಸಿಕ್ಕಿಸುವುದಿಲ್ಲ. ಮೊಳೆ ತುಕ್ಕು ಹಿಡಿದು ಎಳೆಯನ್ನು ತರಿಯುತ್ತದೆ. ಮರದ ಗೂಟ ಒಳ್ಳೆಯದು. ಗೋಡೆಗೆ ತಾಗಿಸಿ ಇಡಬಾರದು, ಗೋಡೆ ತೇವ ಬಿಡುತ್ತದೆ, ಇಲಿಗೂ ಅದೇ ದಾರಿ. ಗಾಳಿ ನಾಲ್ಕೂ ಕಡೆಯಿಂದ ಆಡುವ ಜಾಗದಲ್ಲಿ, ನಡುವಿನಲ್ಲಿ ನೇತಾಡಿದರೆ ಬಲೆಗೆ ಆಯುಸ್ಸು.

ಬಿದಿರಿನ ಸಾಮಾನು ನಮ್ಮಲ್ಲಿ ಸ್ವಲ್ಪವೇ ಉಳಿದಿದೆ. ಎರಡು ಗಾಳದ ಕೋಲು, ಒಂದು ಹಳೇ ಕೂಳಿ. ಮೊದಲ ಮಳೆಗೆ ಗದ್ದೆಯ ತೋಡಿನಲ್ಲಿ ಮೀನು ಹತ್ತುವಾಗ ನೀರಿನ ದಾರಿಗೆ ಅಡ್ಡ ಇಡುತ್ತಿದ್ದ ಕೂಳಿ. ಈಗ ಅದನ್ನು ಇಡುವುದಿಲ್ಲ. ಮೊಟ್ಟೆ ಇಡಲು ಹೊರಟ ಮೀನನ್ನು ದಾರಿಯಲ್ಲೇ ಹಿಡಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ, ಅಪ್ಪಯ್ಯನಿಗೂ ಈಚೆಗೆ ಹಾಗೇ ಅನ್ನಿಸುತ್ತದಂತೆ. ಆದರೂ ಕೂಳಿಯನ್ನು ಬಿಸಾಡಿಲ್ಲ. ಬಿದಿರಿನ ಸಲಾಕೆಗಳನ್ನು ಒಳಮುಖವಾಗಿ ಮೊನೆ ಮಾಡಿ ಹೆಣೆದ ಅದರ ಬಾಯಿ ನೋಡಬೇಕು. ಒಳಗೆ ಹೋಗಲು ದಾರಿ ಕೊಡುತ್ತದೆ, ಹೊರಗೆ ಬರಲು ಕೊಡುವುದಿಲ್ಲ. ಅಷ್ಟು ಕೈಚಳಕದ ಕೆಲಸ ಮಾಡುವವರು ಈಗ ಕಡಿಮೆ.

ಬಿದಿರಿಗೆ ಕುಟ್ಟೆ ಹುಳದ ಕಾಟ. ಬಿದಿರಿನೊಳಗಿನ ಪಿಷ್ಟ ಅದಕ್ಕೆ ಊಟ. ಕೋಲಿನ ಕೆಳಗೆ ನೆಲದಲ್ಲಿ ಸಣ್ಣ ಹಳದಿ ಪುಡಿ ಬಿದ್ದಿದೆ ಅಂದರೆ ಒಳಗೆ ಊಟ ನಡೀತಾ ಇದೆ ಅಂತ ಅರ್ಥ. ಹಿಂದೆ ಎಲ್ಲಾ ಬಿದಿರು ಸಾಮಾನು ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತಿತ್ತು. ಬೆಳಿಗ್ಗೆ ಸಂಜೆ ಹೊಗೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂತು, ಅಡುಗೆಮನೆಯ ಹೊಗೆ ಹೋಯಿತು. ಅಮ್ಮನ ಕಣ್ಣಿಗೂ ಎದೆಗೂ ಅದು ದೊಡ್ಡ ಉಪಕಾರ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅಟ್ಟದ ಸಾಮಾನಿಗೆ ಕಾವಲು ತಪ್ಪಿತು. ಪುಣ್ಯಕ್ಕೆ ಬಚ್ಚಲಿನ ಹಂಡೆ ಒಲೆ ನಮ್ಮಲ್ಲಿ ಇನ್ನೂ ಉರಿಯುತ್ತದೆ, ತೆಂಗಿನ ಸಿಪ್ಪೆ, ಮಡಲು ಹಾಕಿ. ಕೋಲು, ಕೂಳಿ ಎರಡೂ ಅದರ ಮೇಲಿನ ಅಡ್ಡಪಟ್ಟಿಗೆ ಹೋದವು. ಒಲೆ ಮೇಲೆ ನೈಲಾನ್ ಮಾತ್ರ ಬೇಡ, ದಾರವೂ ಬೇಡ, ಬಲೆಯೂ ಬೇಡ. ಬಿಸಿಗೆ ಅದರ ಬಲ ಹೋಗುತ್ತದೆ.

ಕಾರ್ಬನ್ ರಾಡುಗಳಿಗೆ ಚಾವಡಿಯ ಮಾಡು. ಮನೆಯ ಒಳಗೆ ಅತ್ಯಂತ ಒಣ ಜಾಗ ಅದು. ಜಂತಿಯಿಂದ ಇಳಿಬಿಟ್ಟ ಮೂರು ಮರದ ತುಂಡುಗಳಿಗೆ ಕಚ್ಚು ಕೊರೆದು, ಬಟ್ಟೆ ಸುತ್ತಿ, ರಾಡುಗಳನ್ನು ಅಡ್ಡಡ್ಡ ಮಲಗಿಸಿದ್ದೇವೆ. ಗೋಡೆಗೆ ಒರಗಿಸಿ ವರ್ಷಗಟ್ಟಲೆ ಬಿಟ್ಟರೆ ತುದಿ ಬಾಗಿಯೇ ಉಳಿಯಬಹುದು, ಬಾಗಿಲು ಬಡಿದು ತುದಿ ಮುರಿಯುವುದಂತೂ ಇದ್ದೇ ಇದೆ. ಒದ್ದೆ ರಾಡನ್ನು ಬಟ್ಟೆ ಚೀಲದೊಳಗೆ ಹಾಕಿಡುವುದು ಇನ್ನೂ ಕೆಟ್ಟದ್ದು. ಮೇಲಿನ ವಾರ್ನಿಷಿನಲ್ಲಿ ಗುಳ್ಳೆ ಏಳುತ್ತದೆ, ಹಿಡಿಯ ಕಾರ್ಕಿಗೆ ಬೂಷ್ಟು ಬರುತ್ತದೆ. ಮಳೆಗಾಲದಲ್ಲಿ ಚೀಲ ಬೇಡವೇ ಬೇಡ, ಬರೀ ಮೈಯಲ್ಲೇ ಇರಲಿ.

ರಾಡನ್ನು ಎತ್ತಿಡುವ ಮೊದಲು ನಾನು ತಪ್ಪದೆ ಮಾಡುವ ಒಂದು ಕೆಲಸ ಇದೆ. ಸ್ವಲ್ಪ ಹತ್ತಿಯನ್ನು ಕಡ್ಡಿಗೆ ಸುತ್ತಿ, ದಾರ ಹಾಯುವ ಪ್ರತೀ ಬಳೆಯ ಒಳಗೆ ಒಂದು ಸುತ್ತು ಆಡಿಸುತ್ತೇನೆ. ಬಳೆಯೊಳಗಿನ ಪಿಂಗಾಣಿ ಉಂಗುರ ಎಲ್ಲಾದರೂ ಸೀಳಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಹತ್ತಿಯ ಎಳೆ ಮಾತ್ರ ಅಲ್ಲಿ ಸಿಕ್ಕಿಕೊಂಡು ಬಿಳಿ ಗಡ್ಡದ ಹಾಗೆ ನಿಲ್ಲುತ್ತದೆ. ಅದೇ ಸೀಳು ಮೀನು ಬಿದ್ದಾಗ ದಾರವನ್ನು ಕೊಯ್ಯುತ್ತದೆ. ಇನ್ನೊಂದು ಮಾತು, ಇಡುವುದಕ್ಕಿಂತ ಹೊರಗೆ ತೆಗೆಯುವುದಕ್ಕೆ ಸಂಬಂಧಿಸಿದ್ದು. ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ. ನಮ್ಮ ಹೊಳೆದಂಡೆಗಳಲ್ಲಿ ತಂತಿ ಎಷ್ಟು ತಗ್ಗಿನಲ್ಲಿ ಹಾದುಹೋಗುತ್ತದೆ ನೋಡಿ. ಮನೆಯಿಂದಲೇ ರಾಡು ಜೋಡಿಸಿಕೊಂಡು, ಹೆಗಲ ಮೇಲೆ ನಿಲ್ಲಿಸಿಕೊಂಡು ನಡೆಯಬೇಡಿ. ಬಿಚ್ಚಿ ಒಯ್ಯಿರಿ, ನೀರಿನ ಹತ್ತಿರ ತಲೆಯೆತ್ತಿ ನೋಡಿಯೇ ಜೋಡಿಸಿ. ಗುಡುಗು ಕೇಳಿದರೆ ಮೀನು ಎಷ್ಟೇ ಕಚ್ಚುತ್ತಿರಲಿ, ರಾಡು ಕೆಳಗಿಡಿ.

ಸಣ್ಣ ಸಾಮಾನೇ ನಿಜವಾದ ತಲೆನೋವು. ಗಾಳ, ಸ್ವಿವೆಲ್ (ದಾರ ಮುರಿ ಬೀಳದಂತೆ ತಿರುಗುವ ಕೊಂಡಿ), ಸೀಸದ ಗುಂಡು, ಬೆಂಡು, ರಬ್ಬರ್ ಮೀನು, ಗಟ್ಟಿ ಪ್ಲಾಸ್ಟಿಕ್ಕಿನ ಮೀನು. ಗಾಳಗಳನ್ನು ನಂಬರ್ ಪ್ರಕಾರ ಜೋಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಮೀನಿನ ಪ್ರಕಾರ ಜೋಡಿಸುತ್ತೇನೆ. ಕಾಣೆಗೆ ಒಂದು ಡಬ್ಬ. ಅದರಲ್ಲಿ ಸಣ್ಣ ಬಾಯಿಯ ಗಾಳ, ತೆಳು ದಾರದ ತುಂಡುಗಳು, ಮರಳಿನ ಮೇಲೆ ಜಾರುವ ಸಣ್ಣ ಗುಂಡು, ಸಿಗಡಿ ಕತ್ತರಿಸಲು ಪುಟ್ಟ ಚಾಕು. ಕೆಂಬೇರಿಗೆ ಇನ್ನೊಂದು. ಅದರಲ್ಲಿ ದಪ್ಪ ಗಾಳ, ಕಲ್ಲಿಗೆ ಉಜ್ಜಿದರೂ ತಡೆಯುವ ದಪ್ಪ ದಾರ. ಹೊಳೆಗೆ ಮತ್ತೊಂದು. ಸಂಜೆ ಐದಕ್ಕೆ ಇಳಿತ ಸರಿಯಿದೆ ಅಂತ ಗೊತ್ತಾದಾಗ ಹತ್ತು ಡಬ್ಬ ತೆರೆಯುವ ಪುರುಸೊತ್ತು ಯಾರಿಗಿದೆ? ಒಂದು ಡಬ್ಬ, ಒಂದು ರಾಡು, ಹೊರಟೆ. ಉಪ್ಪುನೀರಿಗೆ ಹೋಗಿಬಂದ ಗಾಳ ಅದೇ ದಿನ ಹೊಸ ಗಾಳಗಳ ಜೊತೆ ಸೇರುವುದಿಲ್ಲ, ಇದು ಮಾತ್ರ ಕಡ್ಡಾಯ. ಒಂದು ಗಾಳದ ಮೇಲಿನ ಉಪ್ಪು, ಅದು ಹೀರಿದ ನೀರು, ಪಕ್ಕದ ಹತ್ತು ಗಾಳಗಳಿಗೂ ಹಬ್ಬುತ್ತದೆ. ಬಳಸಿದ್ದನ್ನು ತೊಳೆದು ಜಗಲಿಯಲ್ಲಿ ಒಂದು ಕಾರ್ಕಿಗೆ ಚುಚ್ಚಿ ಬಿಡುತ್ತೇನೆ. ಪೂರ್ತಿ ಒಣಗಿದ ಮೇಲೆ ಮೊನೆ ನೋಡಿ ಡಬ್ಬಕ್ಕೆ. ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ. ಚಪ್ಪಲಿ ಪೆಟ್ಟಿಗೆ, ಔಷಧಿ ಬಾಟಲಿಯಲ್ಲಿ ಬರುತ್ತದಲ್ಲ, ಅದೇ. ಅದೂ ತೇವ ಹೀರಿ ಹೀರಿ ತುಂಬಿಹೋಗುತ್ತದೆ. ಬೇಸಿಗೆಯಲ್ಲಿ ಒಳ್ಳೇ ಬಿಸಿಲಿಗೆ ಕಾದ ತಗಡಿನ ಮೇಲೆ ಇಟ್ಟರೆ ಒಂದಿಷ್ಟು ಬಿಡುತ್ತದೆ. ಮಳೆಗಾಲದಲ್ಲಿ ಬದಲಿಸುವುದೇ ಸುಲಭ.

ರಬ್ಬರ್ ಮೀನುಗಳನ್ನು ಗಟ್ಟಿ ಪ್ಲಾಸ್ಟಿಕ್ಕಿನ ಮೀನುಗಳ ಜೊತೆ ಇಡಬಾರದು. ಮೆತ್ತಗಿರಲಿ ಅಂತ ಅವುಗಳಲ್ಲಿ ಸೇರಿಸಿರುವ ಎಣ್ಣೆಯಂಥ ವಸ್ತು ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಎರಡೂ ಒಂದಾಗಿ ಅಂಟಿನ ಮುದ್ದೆ ಆಗುತ್ತದೆ. ಅವು ಬಂದ ಪೊಟ್ಟಣದಲ್ಲೇ ಇರಲಿ.

ಸೀಸದ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಸೀಸ ವಿಷ, ಮಕ್ಕಳ ಮೆದುಳಿಗೆ ಜಾಸ್ತಿ ಕೆಟ್ಟದ್ದು. ನಮ್ಮ ಕಡೆ ಸಣ್ಣ ಗುಂಡನ್ನು ದಾರಕ್ಕೆ ಹಲ್ಲಲ್ಲೇ ಕಚ್ಚಿ ಕೂರಿಸುವ ಅಭ್ಯಾಸ ಇದೆ, ಇಕ್ಕಳ ಮನೆಯಲ್ಲಿ ಮರೆತರೆ ಹಲ್ಲೇ ಇಕ್ಕಳ. ಇದನ್ನು ಬಿಡಬೇಕು. ಹಳೇ ಸೀಸವನ್ನು ಅಡುಗೆ ಪಾತ್ರೆಯಲ್ಲಿ, ಅಡುಗೆ ಒಲೆಯಲ್ಲಿ ಕರಗಿಸಿ ಗುಂಡು ಮಾಡುವವರೂ ಇದ್ದಾರೆ. 327 ಡಿಗ್ರಿಗೆ ಅದು ಕರಗುತ್ತದೆ, ಕಟ್ಟಿಗೆ ಬೆಂಕಿಗೆ ಅದು ದೊಡ್ಡದೇನಲ್ಲ. ಆದರೆ ಬಿಸಿ ಸೀಸದಿಂದ ಏಳುವ ಹೊಗೆ, ಮೇಲೆ ಕಟ್ಟುವ ಬೂದಿ ಮನೆಯೊಳಗೆ ಇರಬಾರದ ವಸ್ತು. ಬ್ರಿಟನ್ನಿನಲ್ಲಿ ಹಂಸಗಳು ಈ ಗುಂಡುಗಳನ್ನು ನುಂಗಿ ಸಾಯುತ್ತಿವೆ ಅಂತ ಗೊತ್ತಾಗಿ 1987ರಲ್ಲೇ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ನಮ್ಮ ಗದ್ದೆ ಹೊಳೆಗಳಲ್ಲೂ ಬಾತು, ಕೊಕ್ಕರೆ ಇಲ್ಲವೇ? ನಮ್ಮ ಮನೆಯಲ್ಲಿ ಸೀಸಕ್ಕೆ ಮುಚ್ಚಳದ ಡಬ್ಬ, ಎತ್ತರದ ಜಾಗ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು. ಬೇಸಿಗೆ ರಜೆಗೆ ತಂಗಿಯ ಮಕ್ಕಳು ಬರುತ್ತಾರೆ. ಅವರಿಗೆ ಗಾಳದ ಡಬ್ಬ ಅಂದರೆ ನಿಧಿ. ಮುಟ್ಟಬೇಡ ಅಂದರೆ ಕದ್ದು ಮುಟ್ಟುತ್ತಾರೆ, ಅದು ಇನ್ನೂ ಅಪಾಯ. ಅದಕ್ಕೆ ಅವರದ್ದೇ ಒಂದು ಡಬ್ಬ ಮಾಡಿಕೊಟ್ಟಿದ್ದೇನೆ. ಬೆಂಡುಗಳು, ದಾರ, ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ನಯ ಮಾಡಿದ ಗಾಳ. ಮುಳ್ಳಿಲ್ಲದ ಗಾಳ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಹೊರಗೆ ಬರುತ್ತದೆ, ಸಣ್ಣ ಮೀನನ್ನು ಜೀವಂತ ಬಿಡಲೂ ಸುಲಭ. ಈಗ ಅವರೇ ಬಾವಿಕಟ್ಟೆಗೆ ಓಡಿ ತೊಳೆಯುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬಂದರಿನವರಿಗೆ ಅದು ಬಲೆ ಕಟ್ಟುವ ಕಾಲ. ಮನೆಮಟ್ಟಿಗೆ ಗಾಳ ಹಾಕುವ ನಮ್ಮಂಥವರೂ ಅದನ್ನೇ ಅನುಸರಿಸಿದರೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಅಳಿವೆಯ ಕಡೆ ಆಗ ಕಾಲಿಡುವ ಹಾಗೂ ಇರುವುದಿಲ್ಲ. ಮಳೆ ಬಿಡದೆ ಹೊಯ್ಯುವ ಮಧ್ಯಾಹ್ನ ಚಾವಡಿಯಲ್ಲಿ ಹಳೇ ಪೇಪರ್ ಹಾಸಿ, ಎಲ್ಲಾ ಡಬ್ಬ ಸುರಿದು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಪ್ಪಯ್ಯ ಆ ಕಡೆ ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಾ ಕೂರುತ್ತಾರೆ. ಹರಿದದ್ದನ್ನು ಹಾಗೇ ಸೇರಿಸಿ ಕಟ್ಟುವುದಿಲ್ಲ ಅವರು. ಮೊದಲು ತೂತನ್ನು ಕತ್ತರಿಯಿಂದ ಇನ್ನಷ್ಟು ಬಿಡಿಸಿ, ಅಂಚು ಸರಿ ಮಾಡಿ, ಆಮೇಲೆ ಕಣ್ಣಿಗೆ ಕಣ್ಣು ಹೆಣೆಯುತ್ತಾರೆ. ಹೊಸಬರಿಗೆ ಆ ಕತ್ತರಿ ನೋಡಿಯೇ ಜೀವ ಬಾಯಿಗೆ ಬರುತ್ತದೆ.

ಬೆಂಗಳೂರಿನಲ್ಲಿರುವ ಭಾವ ಈಚೆಗೆ ಫೋನು ಮಾಡಿದ್ದರು. "ಹ್ವಾಯ್, ನಿಮ್ಗಾರೆ ಜಗಲಿ ಇತ್ತ್, ಬಚ್ಚಲ್ ಇತ್ತ್. ನಾ ಎಲ್ಲ್ ಇಡುದ್ ಮಾರಾಯಾ?" ಎರಡು ಕೋಣೆಯ ಫ್ಲ್ಯಾಟು ಅವರದ್ದು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಹವೆ ನಮ್ಮದಕ್ಕಿಂತ ಒಣ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಅಲ್ಲಿನ ಶತ್ರು ಬಾಲ್ಕನಿಯ ಬಿಸಿಲು. ಎಲ್ಲರೂ ರಾಡು, ದಾರ ಅಲ್ಲೇ ಇಡುತ್ತಾರೆ. ಬೇಡ. ರಾಡಿಗೆ ಮಂಚದಡಿ ಪಿವಿಸಿ ಪೈಪು, ಎರಡೂ ಬದಿ ತೆರೆದದ್ದು. ಅದೇ ಪೈಪಿಗೆ ಮುಚ್ಚಳ ಹಾಕಿದರೆ ಬಸ್ಸಿನಲ್ಲಿ ಊರಿಗೆ ತರಲೂ ಆಯಿತು. ರೀಲು, ಡಬ್ಬ ಬಟ್ಟೆ ಕಪಾಟಿನ ಕೆಳಗಿನ ಅರೆಯಲ್ಲಿ. ಊರಿನಿಂದ ಹೊರಡುವ ಮೊದಲು ನಮ್ಮ ಬಾವಿನೀರಿನಲ್ಲೇ ತೊಳೆದುಕೊಂಡು ಹೋಗಿ ಅಂದೆ. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಅದೂ ಬಿಳಿ ಕಲೆ ಬಿಡುತ್ತದೆ.

ಕೊನೆಗೆ ಉಳಿಯುವುದು ಹಳೇ ದಾರ. ತಂಗೂಸ್ ದಾರ ಅಂತೇವಲ್ಲ, ಆ ನೈಲಾನ್ ಎಳೆ ನೀರು ಹೀರುತ್ತದೆ, ಬಿಸಿಲಿಗೆ ಸೋಲುತ್ತದೆ, ರೀಲಿನಲ್ಲಿ ಸುತ್ತಿ ಸುತ್ತಿ ಸ್ಪ್ರಿಂಗಿನಂತೆ ಸುರುಳಿ ನಿಲ್ಲುತ್ತದೆ. ಹೆಣೆದ ಬ್ರೇಡ್ ದಾರ ಜಾಸ್ತಿ ಬಾಳುತ್ತದೆ. ನಾನು ಹೊಸ ದಾರ ಸುತ್ತಿದಾಗ ತಿಂಗಳು, ವರ್ಷ ಬರೆದ ಸಣ್ಣ ಚೀಟಿ ರೀಲಿನ ಕಾಲಿಗೆ ಅಂಟಿಸುತ್ತೇನೆ. ನೆನಪನ್ನು ನಂಬಿದರೆ ಎಲ್ಲಾ ದಾರವೂ ಹೋದ ವರ್ಷದ್ದೇ ಆಗಿರುತ್ತದೆ. ಮೊದಲ ಕೆಲವು ಮೀಟರನ್ನು ಬೆರಳ ನಡುವೆ ಎಳೆದು ನೋಡಿ. ಒರಟು ತಾಗಿದರೆ ಅಷ್ಟನ್ನು ಕತ್ತರಿಸಿ ತೆಗೆಯಿರಿ.

ತೆಗೆದದ್ದನ್ನು ಎಲ್ಲಿ ಹಾಕುವುದು? ಈ ಪ್ರಶ್ನೆಗೆ ಜಾಗ ಸಿಗುವವರೆಗೂ ಸಾಮಾನು ಜೋಡಿಸಿ ಆಯಿತು ಅಂತ ನಾನು ಹೇಳುವುದಿಲ್ಲ. ನೈಲಾನ್ ಕೊಳೆಯುವುದಿಲ್ಲ ಅಂತ ಬಲೆಯ ವಿಷಯದಲ್ಲಿ ಸಂತೋಷಪಟ್ಟೆವಲ್ಲ, ಅದೇ ಗುಣ ಇಲ್ಲಿ ಶಾಪ. ದಂಡೆಯಲ್ಲಿ ಬಿಟ್ಟ ಒಂದು ಮಾರು ದಾರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ. ಅಳಿವೆಯ ಮೇಲೆ ಹಾರುವ ಗರುಡಗಳು, ಗೂಟದ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆಗಳು ಅದರಲ್ಲಿ ಕಾಲು ಸಿಕ್ಕಿಸಿಕೊಳ್ಳುತ್ತವೆ. ಕೋಡಿಯ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಟ್ಟಾಗ ಊರವರೇ ಸೇರಿ ಗೂಡು ಕಾದಿದ್ದಾರೆ. ಆ ಮರಿಗಳು ನೀರಿಗೆ ಇಳಿಯುವ ದಾರಿಯಲ್ಲಿ ನಮ್ಮ ದಾರ ಬಿದ್ದಿರಬಾರದು.

ನಮ್ಮಲ್ಲಿ ಅದಕ್ಕೆ ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿ ಇದೆ, ಬಾವಿಕಟ್ಟೆಯ ಪಕ್ಕ. ಹಳೇ ದಾರ, ದಂಡೆಯಲ್ಲಿ ಸಿಕ್ಕಿದ ಬೇರೆಯವರ ದಾರ, ಬಲೆಯ ತುಂಡು, ಎಲ್ಲವನ್ನೂ ಗೇಣುದ್ದಕ್ಕಿಂತ ಸಣ್ಣದಾಗಿ ಕತ್ತರಿಸಿ ಅದರೊಳಗೆ. ಸಣ್ಣ ತುಂಡಿಗೆ ಯಾವ ಹಕ್ಕಿಯ ಕಾಲೂ ಸುತ್ತಿಕೊಳ್ಳುವುದಿಲ್ಲ. ಸುಡುವುದಿಲ್ಲ, ಹೂಳುವುದಿಲ್ಲ. ದೊಡ್ಡ ಬಲೆಯ ತುಂಡುಗಳು ತೊಂಡೆ, ಬಸಳೆ ಚಪ್ಪರಕ್ಕೆ ಹೋಗುತ್ತವೆ. ಹಾವು ಓಡಾಡುವ ನೆಲಮಟ್ಟದಲ್ಲಿ ಕಟ್ಟುವುದಿಲ್ಲ, ಅದರಲ್ಲಿ ಸಿಕ್ಕಿಬೀಳುತ್ತವೆ. ಗುಜರಿಯವರು ಬಂದಾಗ ಸೀಸ, ಕಬ್ಬಿಣ, ಹಳೇ ರೀಲು ಎಲ್ಲಾ ತೂಕಕ್ಕೆ ಹಾಕಿಕೊಳ್ಳುತ್ತಾರೆ, ದಾರದ ಬಾಟಲಿ ತೋರಿಸಿದರೆ ಬೇಡ ಅನ್ನುತ್ತಾರೆ. ಒಂದು ಬಾಟಲಿ ತುಂಬಿ ಅಟ್ಟಕ್ಕೆ ಹೋಗಿದೆ, ಎರಡನೆಯದು ಅರ್ಧ ಆಗಿದೆ. ನಿಮ್ಮ ಊರಿನಲ್ಲಿ ನೈಲಾನ್ ದಾರ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ತಿಳಿಸಿ, ನಾನೇ ತಂದುಕೊಡುತ್ತೇನೆ.